ಅರೆ ರಿಡ್ಯೂಸ್ ಆದ ಆಕ್ಸೈಡ್‌ಗಳು: ಯಾವ ಹೈಡ್ರೋಕಾರ್ಬನ್ ಕೆಲಸಕ್ಕೆ ಯಾವುದು ಸರಿ?

ಲ್ಯಾಬಿನ ಕಪಾಟಿನಿಂದ ಮಾಲಿಬ್ಡಿನಂ ಟ್ರೈಆಕ್ಸೈಡ್ ಬಾಟಲಿ ತೆಗೆದು ನೋಡಿ. ಒಳಗಿರುವುದು ಹೆಚ್ಚುಕಡಿಮೆ ಬಿಳಿ ಪುಡಿ, ಸ್ವಲ್ಪ ಹಸಿರು ಛಾಯೆ. ಅದನ್ನು ರಿಯಾಕ್ಟರಿಗೆ ತುಂಬಿ, 350 ಡಿಗ್ರಿಯಲ್ಲಿ ಹೈಡ್ರೋಜನ್ ಹಾಯಿಸಿ, ಜೊತೆಗೆ ಹೆಪ್ಟೇನ್ ಆವಿ ಬಿಟ್ಟು ಒಂದು ದಿನ ಓಡಿಸಿ. ಮರುದಿನ ಹೊರಗೆ ಬರುವುದು ಕಪ್ಪು ಪುಡಿ. ಕೆಲಸ ಮಾಡಿದ್ದು ಆ ಕಪ್ಪು ಪುಡಿ. ನೋಟ್‌ಬುಕ್ಕಿನಲ್ಲಿ, ಥೀಸಿಸ್ಸಿನಲ್ಲಿ ನಾವು ಬರೆಯುವುದು ಮಾತ್ರ ಬಿಳಿ ಪುಡಿಯ ಹೆಸರು.

ಕ್ಯಾಟಲಿಸ್ಟ್ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ವಸ್ತು) ಆರಿಸುವಾಗಿನ ಮುಕ್ಕಾಲು ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ. ‘ಮಾಲಿಬ್ಡಿನಂ ಒಳ್ಳೆಯದಾ, ಟಂಗ್‌ಸ್ಟನ್ ಒಳ್ಳೆಯದಾ’ ಎಂದು ಕೇಳುತ್ತೇವೆ. ನನ್ನ ಪ್ರಕಾರ ಕೇಳಬೇಕಾದ್ದು ಬೇರೆ. ನಿಮ್ಮ ಬಿಸಿಯಲ್ಲಿ, ನಿಮ್ಮ ಗ್ಯಾಸಿನಲ್ಲಿ ಆ ಆಕ್ಸೈಡ್ ಎಲ್ಲಿಯವರೆಗೆ ಇಳಿಯುತ್ತದೆ, ಅಂದರೆ ಎಷ್ಟು ಆಕ್ಸಿಜನ್ ಕಳೆದುಕೊಳ್ಳುತ್ತದೆ? ಇಳಿದು ಅಲ್ಲೇ ನಿಲ್ಲುತ್ತದಾ, ಇನ್ನೂ ಜಾರುತ್ತದಾ? ಎಂಎಸ್ಸಿ ಪ್ರಾಜೆಕ್ಟ್ ಹುಡುಕುತ್ತಿರುವವರಿಗೆ, ಪಿಎಚ್‌ಡಿಯ ಮೊದಲ ವರ್ಷದಲ್ಲಿ ತಲೆ ಕೆರೆದುಕೊಳ್ಳುತ್ತಿರುವವರಿಗೆ ಈ ಹೋಲಿಕೆ.

ಅರೆ ಇಳಿಸಿದರೆ ಏನು ಸಿಗುತ್ತದೆ?

ಪಠ್ಯಪುಸ್ತಕದಲ್ಲಿ ರಿಡಕ್ಷನ್ನಿಗೆ ಅಪಕರ್ಷಣ ಎಂಬ ಹೆಸರಿದೆ. ಲ್ಯಾಬಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ, ನಾನೂ ಇಲ್ಲಿ ರಿಡಕ್ಷನ್ ಎಂದೇ ಬರೆಯುತ್ತೇನೆ. ಆಕ್ಸೈಡಿನಿಂದ ಸ್ವಲ್ಪ ಆಕ್ಸಿಜನ್ ಕಿತ್ತರೆ ಮೇಲ್ಮೈಯಲ್ಲಿ ಖಾಲಿ ಜಾಗಗಳು ಆಗುತ್ತವೆ. ಹೈಡ್ರೋಕಾರ್ಬನ್ ಬಂದು ಕೂರುವುದಕ್ಕೆ ಅದೇ ಸೀಟು. ಕಿತ್ತ ಆಕ್ಸಿಜನ್ ಬಿಟ್ಟುಹೋದ ಎಲೆಕ್ಟ್ರಾನ್‌ಗಳು ಲೋಹದ ಪರಮಾಣುಗಳ ಮೇಲೆ ಉಳಿಯುತ್ತವೆ. ಮಾಲಿಬ್ಡಿನಂ ಡೈಆಕ್ಸೈಡ್ ಹೆಸರಿಗೆ ಆಕ್ಸೈಡ್, ಆದರೆ ಲೋಹದ ಹಾಗೆ ಕರೆಂಟ್ ಹರಿಸುತ್ತದೆ. ಹೈಡ್ರೋಜನ್ ಇದ್ದರೆ ಮೇಲ್ಮೈಯ ಉಳಿದ ಆಕ್ಸಿಜನ್‌ಗೆ ಅಂಟಿಕೊಂಡು ಓಎಚ್ ಗುಂಪು ಹುಟ್ಟುತ್ತದೆ. ಅದು ಆಮ್ಲದ ಕೆಲಸ ಮಾಡುತ್ತದೆ. ಹೈಡ್ರೋಜನ್ ಕಳಚುವ ಲೋಹದ ಗುಣ, ಸರಪಳಿಯನ್ನು ಮರುಜೋಡಿಸುವ ಆಮ್ಲದ ಗುಣ ಎರಡೂ ಒಂದೇ ಪುಡಿಯಲ್ಲಿ ಸಿಕ್ಕಂತಾಯಿತು. ಪೂರ್ತಿ ಆಕ್ಸೈಡಿನಲ್ಲಿ ಮೊದಲನೆಯದು ಇಲ್ಲ. ಪೂರ್ತಿ ಲೋಹದಲ್ಲಿ ಎರಡನೆಯದು ಇಲ್ಲ.

ಇದನ್ನು ಕಣ್ಣಾರೆ ನೋಡಬೇಕೆಂದರೆ 1964ರಲ್ಲಿ ಖೂಬಿಯಾರ್ ವರದಿ ಮಾಡಿದ ಪ್ರಯೋಗ ಮಾಡಿ. ಹಳದಿ ಟಂಗ್‌ಸ್ಟನ್ ಟ್ರೈಆಕ್ಸೈಡಿಗೆ ಸ್ವಲ್ಪ ಪ್ಲಾಟಿನಂ-ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್ ಮೇಲಿನ ಪ್ಲಾಟಿನಂ) ಪುಡಿ ಬೆರೆಸಿ, ರೂಮಿನ ಬಿಸಿಯಲ್ಲೇ ಹೈಡ್ರೋಜನ್ ಹಾಯಿಸಿದರೆ ಪುಡಿ ನೀಲಿಯಾಗುತ್ತದೆ. ಪ್ಲಾಟಿನಂ ಇಲ್ಲದೆ ಬರೀ ಹಳದಿ ಪುಡಿಯ ಮೇಲೆ ಎಷ್ಟು ಹೊತ್ತು ಹಾಯಿಸಿದರೂ ಆ ಬಿಸಿಯಲ್ಲಿ ಏನೂ ಆಗುವುದಿಲ್ಲ. ಪ್ಲಾಟಿನಂ ಹೈಡ್ರೋಜನ್ನನ್ನು ಒಡೆಯುತ್ತದೆ, ಒಡೆದ ಪರಮಾಣುಗಳು ಪಕ್ಕದ ಆಕ್ಸೈಡಿಗೆ ಹರಿದು ಹೋಗುತ್ತವೆ.

ಎಷ್ಟು ಇಳಿಸಬೇಕು ಎಂಬುದಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ: ಹದ. ಬೆಲ್ಲದ ಪಾಕದ ಹಾಗೆ. ಎಳೆಯದಾದರೆ ಉಂಡೆ ಕಟ್ಟುವುದಿಲ್ಲ, ಒಂದು ನಿಮಿಷ ಜಾಸ್ತಿಯಾದರೆ ಕಲ್ಲು. ಒಂದೊಂದು ಆಕ್ಸೈಡಿಗೂ ಒಂದೊಂದು ಕೆಲಸಕ್ಕೂ ಪಾಕ ಬೇರೆ.

ಮೊದಲು ನೋಡಬೇಕಾದ್ದು: ಗ್ಯಾಸಿನಲ್ಲಿ ಆಕ್ಸಿಜನ್ ಇದೆಯಾ?

ಇದೊಂದಕ್ಕೆ ಉತ್ತರ ಸಿಕ್ಕರೆ ಅರ್ಧ ಪಟ್ಟಿ ತಾನೇ ಅಳಿಸಿಹೋಗುತ್ತದೆ.

ಗ್ಯಾಸಿನಲ್ಲಿ ಬರೀ ಹೈಡ್ರೋಕಾರ್ಬನ್, ಹೈಡ್ರೋಜನ್ ಇದ್ದರೆ ಆಕ್ಸೈಡ್ ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ. ಬ್ರೇಕ್ ಬೇಕು. ಬ್ರೇಕ್ ಎಂದರೆ ಸುಲಭಕ್ಕೆ ಇಳಿಯದ ಆಕ್ಸೈಡ್, ಅಥವಾ ಕಡಿಮೆ ಬಿಸಿ, ಅಥವಾ ಜೊತೆಗೊಂದಿಷ್ಟು ನೀರಾವಿ.

ಆಕ್ಸಿಜನ್ನೂ ಇದ್ದರೆ ಕಥೆ ಬೇರೆ. ಹೈಡ್ರೋಕಾರ್ಬನ್ ಆಕ್ಸೈಡಿನ ಆಕ್ಸಿಜನ್ ಕಿತ್ತುಕೊಂಡು ಹೋಗುತ್ತದೆ, ಗಾಳಿಯ ಆಕ್ಸಿಜನ್ ಬಂದು ಆ ಜಾಗ ತುಂಬುತ್ತದೆ. 1954ರಲ್ಲಿ ನೆದರ್ಲೆಂಡ್ಸಿನ ಮಾರ್ಸ್ ಮತ್ತು ಫಾನ್ ಕ್ರೇವೆಲೆನ್ ವೆನೇಡಿಯಂ ಆಕ್ಸೈಡಿನ ಮೇಲೆ ಬೆಂಜೀನ್, ಟೊಲುವೀನ್, ನ್ಯಾಫ್ತಲೀನ್ ಹಾಯಿಸಿ ಇದಕ್ಕೆ ಲೆಕ್ಕ ಕಟ್ಟಿಕೊಟ್ಟರು. ಈಗಲೂ ಅದು ಅವರ ಹೆಸರಿನಲ್ಲೇ ಇದೆ. ಇಲ್ಲಿ ಹದವನ್ನು ನೀವು ಕೂತು ಮಾಡಬೇಕಾಗಿಲ್ಲ. ಕಿತ್ತುಕೊಳ್ಳುವ ವೇಗ, ತುಂಬುವ ವೇಗ ಎರಡೂ ಸೇರಿ ಅದನ್ನು ಗೊತ್ತುಮಾಡುತ್ತವೆ.

ಮೂರನೆಯದೊಂದು ಗುಂಪಿದೆ. ಶುರುವಿನಲ್ಲಿ ಒಂದು ಸಲ ಇಳಿದರೆ ಸಾಕು, ಆಮೇಲೆ ಅದೇ ಜಾಗದಲ್ಲಿ ಕೆಲಸ ನಡೆಯುತ್ತದೆ. ಓಲಿಫಿನ್ (ಡಬಲ್ ಬಾಂಡ್ ಇರುವ ಹೈಡ್ರೋಕಾರ್ಬನ್) ಮೆಟಾಥಿಸಿಸ್, ಪಾಲಿಎಥಿಲೀನ್ ಈ ಗುಂಪಿನವು.

ನೇರ ಸರಪಳಿಗೆ ಕವಲು ತರಿಸಲು: ಮಾಲಿಬ್ಡಿನಂ, ಟಂಗ್‌ಸ್ಟನ್

ಪೆಟ್ರೋಲಿನ ಆಕ್ಟೇನ್ ಲೆಕ್ಕದಲ್ಲಿ (ಜಾಸ್ತಿಯಿದ್ದಷ್ಟೂ ಒಳ್ಳೆಯದು) ನೇರ ಹೆಪ್ಟೇನಿಗೆ 0. ನೇರ ಹೆಕ್ಸೇನಿಗೆ 25ರ ಆಸುಪಾಸು. ಅದೇ ಹೆಕ್ಸೇನ್ ಕವಲೊಡೆದು 2,2-ಡೈಮೀಥೈಲ್‌ಬ್ಯೂಟೇನ್ ಆದರೆ 90 ದಾಟುತ್ತದೆ. ಒಂದು ಪರಮಾಣುವೂ ಸೇರಿಸಿಲ್ಲ, ಬರೀ ಜೋಡಣೆ ಬದಲಾಗಿದೆ. ಇದಕ್ಕೆ ರಿಫೈನರಿಗಳು ಬಳಸುವುದು ಪ್ಲಾಟಿನಂ, ಜೊತೆಗೆ ಕ್ಲೋರಿನ್ ಹಾಕಿದ ಅಲ್ಯುಮಿನಾ ಅಥವಾ ಝಿಯೋಲೈಟ್ (ಸೂಕ್ಷ್ಮ ರಂಧ್ರಗಳಿರುವ, ಆಮ್ಲದ ಗುಣದ ಖನಿಜ). ಪೆಂಟೇನ್, ಹೆಕ್ಸೇನಿಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಹೆಪ್ಟೇನಿಗೆ ಹೋದರೆ ಸರಪಳಿ ಮುರಿದು ಪ್ರೊಪೇನ್, ಐಸೊಬ್ಯೂಟೇನ್ ಆಗಿಬಿಡುವುದು ಜಾಸ್ತಿ. ಅರೆ ರಿಡ್ಯೂಸ್ ಆದ ಆಕ್ಸೈಡ್‌ಗಳ ಮೇಲೆ ಜನರಿಗೆ ಆಸೆ ಹುಟ್ಟಿದ್ದು ಅಲ್ಲೇ.

1990ರ ದಶಕದಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಲೆದು, ಫಾಮ್-ಹೂ ಮತ್ತು ಅವರ ಜೊತೆಗಾರರು ಮಾಲಿಬ್ಡಿನಂ ಟ್ರೈಆಕ್ಸೈಡಿನ ಮೇಲೆ ಹೈಡ್ರೋಜನ್ ಮತ್ತು ಆಲ್ಕೇನ್ ಮಿಶ್ರಣವನ್ನು 350 ಡಿಗ್ರಿ ಆಸುಪಾಸಿನಲ್ಲಿ ಹಾಯಿಸಿದರು. ಮೊದಮೊದಲು ಏನೂ ಆಗುವುದಿಲ್ಲ. ಗಂಟೆಗಳು ಕಳೆದ ಹಾಗೆ ಚುರುಕು ಏರುತ್ತದೆ. ಆಕ್ಸಿಜನ್ ಹೋದ ಜಾಗಕ್ಕೆ ಸ್ವಲ್ಪ ಇಂಗಾಲ ಸೇರಿ ಆಕ್ಸಿಕಾರ್ಬೈಡ್ ಆಗುತ್ತದೆ ಎಂಬುದು ಅವರ ವಿವರಣೆ. ಹೆಪ್ಟೇನಿನಲ್ಲೂ ಮುರಿಯುವುದು ಕಡಿಮೆ, ಕವಲೊಡೆಯುವುದು ಜಾಸ್ತಿ. ಅದೇ ಊರಿನ ಇನ್ನೊಂದು ಗುಂಪು, ಕತ್ರಿಬ್ ಅವರದು, ಬೇರೆ ಮಾತು ಹೇಳಿತು. ಇಂಗಾಲ ಬೇಕಾಗಿಲ್ಲ, ಮಾಲಿಬ್ಡಿನಂ ಡೈಆಕ್ಸೈಡಿನ ಲೋಹದ ಗುಣ ಮತ್ತು ಅದರ ಮೇಲಿನ ಓಎಚ್ ಸಾಕು ಎಂದು. ಜಪಾನಿನಲ್ಲಿ ಮತ್ಸುದಾ ಅವರ ಗುಂಪು ಸ್ವಲ್ಪ ಪ್ಲಾಟಿನಂ ಸೇರಿಸಿ ಇಳಿಸಿದಾಗ, ಮೊದಲು ಹೈಡ್ರೋಜನ್ ಬ್ರಾಂಜ್ (ಹೈಡ್ರೋಜನ್ ಒಳಸೇರಿದ ಆಕ್ಸೈಡ್) ಆಗಿ, ಪುಡಿಯ ಮೇಲ್ಮೈ ವಿಸ್ತೀರ್ಣ ಹಲವು ಪಟ್ಟು ಏರುವುದನ್ನು ತೋರಿಸಿತು.

ಯಾರು ಸರಿ? ನನಗೆ ಅನ್ನಿಸುವುದು, ಮೂವರೂ ನೋಡಿದ್ದು ಒಂದೇ ಇಳಿಜಾರಿನ ಬೇರೆ ಬೇರೆ ಮೆಟ್ಟಿಲುಗಳನ್ನು. ಇಂಗಾಲ ಇದ್ದ ಗ್ಯಾಸಿನಲ್ಲಿ ಒಂದು ಕಡೆ ನಿಂತಿತು, ಬರೀ ಹೈಡ್ರೋಜನ್ ಇದ್ದಲ್ಲಿ ಇನ್ನೊಂದು ಕಡೆ. ಆರಿಸಿಕೊಳ್ಳುವವರಿಗೆ ಇದರಿಂದ ಸಿಗುವ ಪಾಠ ಸಣ್ಣದು, ಆದರೆ ಉಪಯೋಗದ್ದು. ಒಬ್ಬರ ಫಲಿತಾಂಶ ಬೇಕೆಂದರೆ ಅವರ ಆಕ್ಸೈಡ್ ಕೊಂಡರೆ ಸಾಲದು, ಅವರ ರಿಡಕ್ಷನ್ ವಿಧಾನವನ್ನು ಗಂಟೆಗಂಟೆಗೂ ಹಾಗೆಯೇ ಮಾಡಬೇಕು.

ಮಾಲಿಬ್ಡಿನಂನ ತೊಂದರೆ ಅದರ ಅವಸರ. 350ರಿಂದ 400 ಡಿಗ್ರಿಯಲ್ಲಿ ಹದ ಸಿಗುತ್ತದೆ. 550 ದಾಟಿದರೆ ಲೋಹದತ್ತ ಓಡುತ್ತದೆ. ಲೋಹವಾದರೆ ಸರಪಳಿಯನ್ನು ಕಚಕಚ ಕತ್ತರಿಸಿ ಮೀಥೇನ್ ಮಾಡುತ್ತದೆ. ನನಗೆ ಇದು ಗೊತ್ತಾಗಿದ್ದು ಓದಿ ಅಲ್ಲ. ಒಂದು ರಾತ್ರಿ ಕಂಟ್ರೋಲರಿನಲ್ಲಿ 400ರ ಬದಲು 600 ಒತ್ತಿ ಮನೆಗೆ ಹೋದೆ. ಬೆಳಿಗ್ಗೆ ಹೆಪ್ಟೇನ್ ಬಿಟ್ಟು ನೋಡಿದರೆ ಎಲ್ಲವೂ ಮುಗಿದುಹೋಗುತ್ತಿದೆ, ಕನ್ವರ್ಷನ್ 100%. ಕುಣಿಯುವುದೊಂದು ಬಾಕಿ. ಸರ್ ಬಂದು ಜಿಸಿ (ಗ್ಯಾಸ್ ಕ್ರೊಮಟೊಗ್ರಾಫ್) ಹಾಳೆ ನೋಡಿದರು. ಮೀಥೇನಿನ ಒಂದೇ ಒಂದು ಪೀಕ್, ತೆಂಗಿನಮರದ ಹಾಗೆ ನಿಂತಿತ್ತು. ‘ಏನಪ್ಪಾ, ಸ್ಟವ್ ಹಚ್ಚೋಕೆ ಗ್ಯಾಸ್ ಮಾಡ್ತಾ ಇದ್ದೀಯಾ?’ ಎಂದು ಕೇಳಿ ಟೀ ಕುಡಿಯಲು ಹೋದರು.

ಟಂಗ್‌ಸ್ಟನ್ ನಿಧಾನಿ. ಅದೇ ಹೈಡ್ರೋಜನ್ನಿನಲ್ಲಿ ಅದನ್ನು ಇಳಿಸಲು ಇನ್ನೂ ಜಾಸ್ತಿ ಬಿಸಿ ಬೇಕು. ಇಳಿಯುವಾಗಲೂ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ನಿಂಬೆ ಹಳದಿಯಿಂದ ನೀಲಿ, ನೀಲಿಯಿಂದ ನೇರಳೆ, ಅಲ್ಲಿಂದ ಚಾಕೊಲೇಟ್ ಕಂದು, ಕೊನೆಗೆ ಬೂದು ಲೋಹ. ನೀಲಿಯಲ್ಲಿ ಒಂದು ಟಂಗ್‌ಸ್ಟನ್ನಿಗೆ ಆಕ್ಸಿಜನ್ 2.9, ನೇರಳೆಯಲ್ಲಿ 2.72, ಕಂದಿನಲ್ಲಿ 2. ಬಣ್ಣ ನೋಡಿಯೇ ಎಲ್ಲಿದ್ದೇವೆ ಎಂದು ಹೇಳಬಹುದು. ಝಿರ್ಕೋನಿಯಾದ (ಝಿರ್ಕೋನಿಯಂ ಆಕ್ಸೈಡ್) ಮೇಲೆ ಹರಡಿದ ಟಂಗ್‌ಸ್ಟನ್ ಆಕ್ಸೈಡ್ ಇನ್ನೂ ಒಳ್ಳೆಯದು. 1980ರ ದಶಕದ ಕೊನೆಗೆ ಜಪಾನಿನ ಹಿನೊ ಮತ್ತು ಅರಾತ ಇದನ್ನು ಗಟ್ಟಿ ಆಮ್ಲವೆಂದು ತೋರಿಸಿದರು. ಆಮೇಲೆ ಬರ್ಕ್ಲಿಯಲ್ಲಿ ಇಗ್ಲೇಸಿಯಾ ಅವರ ಗುಂಪು ಕಂಡಿದ್ದು, ಒಂಟಿ ಟಂಗ್‌ಸ್ಟನ್ ಪರಮಾಣುಗಳೂ ಸಾಲದು, ದಪ್ಪ ಹರಳುಗಳೂ ಸಾಲದು, ನಡುವಿನ ಗಾತ್ರದ ಗುಂಪುಗಳೇ ಚುರುಕು. ಏಕೆಂದರೆ ಸ್ವಲ್ಪ ಇಳಿದು, ಉಳಿದ ಎಲೆಕ್ಟ್ರಾನನ್ನು ಹಂಚಿಕೊಳ್ಳಲು ಒಂದಷ್ಟು ಅಕ್ಕಪಕ್ಕದವರು ಬೇಕು.

ನೀವು ಹೊಸಬರಾದರೆ ಟಂಗ್‌ಸ್ಟನ್-ಝಿರ್ಕೋನಿಯಾ ತೆಗೆದುಕೊಳ್ಳಿ, ಮೇಲೊಂದಿಷ್ಟು ಪ್ಲಾಟಿನಂ. ತಪ್ಪು ಮಾಡಿದರೂ ಕ್ಷಮಿಸುತ್ತದೆ. ಗಾಳಿಯಲ್ಲಿ ಸುಟ್ಟು ಮತ್ತೆ ಮೊದಲಿನಿಂದ ಶುರು ಮಾಡಬಹುದು. ಮಾಲಿಬ್ಡಿನಂ ಟ್ರೈಆಕ್ಸೈಡ್ 795 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಮೊದಲೇ ಆವಿಯಾಗಿ ರಿಯಾಕ್ಟರಿನ ತಣ್ಣನೆಯ ತುದಿಯಲ್ಲಿ ಹರಳಾಗಿ ಕೂರುತ್ತದೆ. ಟಂಗ್‌ಸ್ಟನ್ ಟ್ರೈಆಕ್ಸೈಡ್ ಕರಗಲು 1,470 ಡಿಗ್ರಿ ಬೇಕು. ಕಡಿಮೆ ಬಿಸಿಯಲ್ಲಿ, ಪ್ಲಾಟಿನಂ ಇಲ್ಲದೆ ಕೆಲಸ ಆಗಬೇಕು, ಹೆಪ್ಟೇನ್ ಮುರಿಯಲೇಬಾರದು ಎಂದರೆ ಮಾತ್ರ ಮಾಲಿಬ್ಡಿನಂ ಜೊತೆ ಗುದ್ದಾಡಿ.

ಮಾಲಿಬ್ಡಿನಂಗೆ ಒಂದು ಹಳೆಯ ದರ್ಬಾರೂ ಇತ್ತು. 1940ರಲ್ಲಿ ಅಮೆರಿಕದ ಟೆಕ್ಸಸ್ ಸಿಟಿಯಲ್ಲಿ ಅಲ್ಯುಮಿನಾ ಮೇಲಿನ ಮಾಲಿಬ್ಡಿನಂ ಆಕ್ಸೈಡಿನಿಂದ ‘ಹೈಡ್ರೋಫಾರ್ಮಿಂಗ್’ (ಪೆಟ್ರೋಲಿನ ಆಕ್ಟೇನ್ ಏರಿಸುವ ವಿಧಾನ) ಶುರುವಾಯಿತು. ಯುದ್ಧಕಾಲದಲ್ಲಿ ಸ್ಫೋಟಕ ಟಿಎನ್‌ಟಿಗೆ ಬೇಕಾದ ಟೊಲುವೀನ್ ಹೀಗೂ ಬಂತು. 1949ರಲ್ಲಿ ಹೇನ್ಸೆಲ್ ಅವರ ಪ್ಲಾಟಿನಂ ವಿಧಾನ, ಪ್ಲಾಟ್‌ಫಾರ್ಮಿಂಗ್, ಬಂದ ಮೇಲೆ ಆ ಕಾಲ ಮುಗಿಯಿತು.

ಹೈಡ್ರೋಜನ್ ಕಳಚಲು: ಕ್ರೋಮಿಯಂ, ಕಬ್ಬಿಣ

ಪ್ರೊಪೇನಿನಿಂದ ಪ್ರೊಪಿಲೀನ್, ಐಸೊಬ್ಯೂಟೇನಿನಿಂದ ಐಸೊಬ್ಯೂಟೀನ್. ಇದಕ್ಕೆ ಅಲ್ಯುಮಿನಾ ಮೇಲಿನ ಕ್ರೋಮಿಯಂ ಆಕ್ಸೈಡ್ 1930ರ ದಶಕದಿಂದ ಇದೆ. ಕ್ಯಾಟೊಫಿನ್ ಎಂಬ ಹೆಸರಿನಲ್ಲಿ ಇವತ್ತಿಗೂ ಓಡುತ್ತಿದೆ. 600 ಡಿಗ್ರಿ ಆಸುಪಾಸು, ಒತ್ತಡ ವಾತಾವರಣಕ್ಕಿಂತ ಕಡಿಮೆ. ಕೆಲವೇ ನಿಮಿಷ ಕೆಲಸ, ಆಮೇಲೆ ಗಾಳಿ ಬಿಟ್ಟು ಇಂಗಾಲ ಸುಡುವುದು, ಮತ್ತೆ ಕೆಲಸ. ಹಲವು ರಿಯಾಕ್ಟರುಗಳು ಪಾಳಿ ಹಾಕಿಕೊಂಡು ದುಡಿಯುತ್ತವೆ. ಇಂಗಾಲ ಸುಡುವ ಬಿಸಿಯೂ ಮುಂದಿನ ಪಾಳಿಯ ಕೆಲಸಕ್ಕೆ ಒದಗುತ್ತದೆ. ಜಾಣ ಏರ್ಪಾಡು.

ಗಾಳಿ ಬಿಟ್ಟಾಗ ಕ್ರೋಮಿಯಂನ ಒಂದಷ್ಟು ಭಾಗ ಆರು ಚಾರ್ಜಿಗೆ (ಆಕ್ಸಿಡೇಷನ್ ಸ್ಥಿತಿ +6) ಏರುತ್ತದೆ, ಕಿತ್ತಳೆ-ಹಳದಿ. ಹೈಡ್ರೋಕಾರ್ಬನ್ ತಾಗಿದ ಕೂಡಲೇ ಮೂರಕ್ಕೆ ಇಳಿಯುತ್ತದೆ, ಹಸಿರು. ಆಕ್ಸಿಜನ್ ಪೂರ್ತಿ ಸುತ್ತುವರಿಯದ ಆ ಮೂರು ಚಾರ್ಜಿನ ಕ್ರೋಮಿಯಂ ಜಾಗವೇ ಕೆಲಸಗಾರ. ಮೂರಕ್ಕಿಂತ ಕೆಳಗೆ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ ಎಂಬುದೇ ಇದರ ದೊಡ್ಡ ಗುಣ. ಬ್ರೇಕ್ ಹುಟ್ಟಿನಿಂದಲೇ ಬಂದಿದೆ. ಆದರೆ ಆರು ಚಾರ್ಜಿನ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ವಿದ್ಯಾರ್ಥಿಗಳ ಲ್ಯಾಬಿಗೆ ನಾನು ಇದನ್ನು ಹೇಳುವುದಿಲ್ಲ. ಪ್ಲಾಟಿನಂ-ತವರದ ಎದುರಾಳಿ ಓಲೆಫ್ಲೆಕ್ಸ್ ಇದೆ. ಬೆಲೆ ಜಾಸ್ತಿ, ತಲೆನೋವು ಕಡಿಮೆ. ಆಕ್ಸೈಡೇ ಬೇಕೆಂದರೆ ಅಲ್ಯುಮಿನಾ ಮೇಲಿನ ವೆನೇಡಿಯಂ ನೋಡಿ.

ಅಂದಹಾಗೆ, ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿ ಪಾಲಿಪ್ರೊಪಿಲೀನ್ ಘಟಕ ಇದೆಯಲ್ಲ, ಅಲ್ಲೂ ಹೀಗೇನಾ ಎಂದು ಕೇಳುವವರಿದ್ದಾರೆ. ಅಲ್ಲಿ ಪ್ರೊಪಿಲೀನ್ ಬರುವುದು ಕ್ರ್ಯಾಕಿಂಗ್ ಘಟಕದಿಂದ. ಅದು ಝಿಯೋಲೈಟಿನ ಕೆಲಸ, ನಮ್ಮ ಕಥೆಗೆ ಸೇರಿದ್ದಲ್ಲ.

ಈಥೈಲ್‌ಬೆಂಜೀನಿನಿಂದ ಸ್ಟೈರೀನ್ ಮಾಡುವುದಾದರೆ ಯೋಚಿಸಲೇಬೇಡಿ, ಕಬ್ಬಿಣ. ಹಾಕುವುದು ಕೆಂಪು ಫೆರಿಕ್ ಆಕ್ಸೈಡ್ ಮತ್ತು ಪೊಟ್ಯಾಶಿಯಂ. 600 ಡಿಗ್ರಿ ಮೇಲೆ ಓಡುವಾಗ ಅದು ಕಪ್ಪು ಮ್ಯಾಗ್ನಟೈಟ್ ಕಡೆ ಇಳಿಯುತ್ತದೆ. ಪೊಟ್ಯಾಶಿಯಂ ಕಬ್ಬಿಣದ ಜೊತೆ ಸೇರಿ ಫೆರೈಟ್ ಆಗಿ ಹಿಡಿದಿಡುತ್ತದೆ. ಈಥೈಲ್‌ಬೆಂಜೀನಿಗಿಂತ ಹಲವು ಪಟ್ಟು ನೀರಾವಿ ಹಾಯಿಸುತ್ತಾರೆ. ನೀರಾವಿ ಬಿಸಿ ತರುತ್ತದೆ, ಕೂತ ಇಂಗಾಲ ತಿನ್ನುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಕಬ್ಬಿಣವನ್ನು ಲೋಹವಾಗಲು ಬಿಡುವುದಿಲ್ಲ. ಉಗಿ ನಿಂತರೆ ಕಥೆ ಮುಗಿಯಿತು. ಕಬ್ಬಿಣದ ಲೋಹ ಸ್ಟೈರೀನ್ ಬಿಟ್ಟು ಇಂಗಾಲ ಬೆಳೆಸಲು ಶುರು ಮಾಡುತ್ತದೆ.

ಸುಟ್ಟು ಹಾಕದೆ ಆಕ್ಸಿಜನ್ ಸೇರಿಸಲು: ವೆನೇಡಿಯಂ-ರಂಜಕ, ಬಿಸ್ಮತ್-ಮಾಲಿಬ್ಡಿನಂ

ಇದು ನನಗೆ ಅತ್ಯಂತ ಇಷ್ಟದ ಭಾಗ. ಹೈಡ್ರೋಕಾರ್ಬನ್ ಮತ್ತು ಗಾಳಿ 400 ಡಿಗ್ರಿಯಲ್ಲಿ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಆಗುವುದು ಸಹಜ. ಅದನ್ನು ಅರ್ಧದಾರಿಯಲ್ಲಿ ತಡೆದು ನಿಲ್ಲಿಸುವುದೇ ಕಸುಬು.

ಅಮೆರಿಕದ ಸೊಹಾಯೊ ಕಂಪನಿಯ ಕ್ಯಾಲಹನ್ ಮತ್ತು ಗ್ರಾಸೆಲ್ಲಿ 1963ರಲ್ಲಿ ಇದಕ್ಕೊಂದು ಸರಳ ಉತ್ತರ ಕೊಟ್ಟರು. ಆಕ್ಸೈಡಿನ ಮೇಲ್ಮೈ ತುಂಬ ಆಕ್ಸಿಜನ್ ಇದ್ದರೆ ಬಂದ ಅಣುವಿಗೆ ಸುತ್ತಲಿಂದ ಒಂದಾದ ಮೇಲೊಂದು ಸಿಕ್ಕಿ ಸುಟ್ಟುಹೋಗುತ್ತದೆ. ತೀರಾ ಕಡಿಮೆಯಿದ್ದರೆ ಕೆಲಸವೇ ಆಗುವುದಿಲ್ಲ. ಒಂದಷ್ಟು ಕಿತ್ತುಹೋಗಿ, ಉಳಿದ ಆಕ್ಸಿಜನ್‌ಗಳು ಸಣ್ಣ ಸಣ್ಣ ದ್ವೀಪಗಳಾಗಿ ನಿಂತಾಗ ಪ್ರೊಪಿಲೀನ್ ಬಂದು ಬೇಕಾದಷ್ಟೇ ತೆಗೆದುಕೊಂಡು ಅಕ್ರೋಲೀನ್ ಆಗಿ ಹೋಗುತ್ತದೆ. ಅರೆ ರಿಡಕ್ಷನ್ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಚೆಂದದ ವಿವರಣೆ ನಾನು ಓದಿಲ್ಲ.

ಅದೇ ಕಂಪನಿ ಬಿಸ್ಮತ್ ಮಾಲಿಬ್ಡೇಟ್ ಮೇಲೆ ಪ್ರೊಪಿಲೀನ್, ಅಮೋನಿಯಾ, ಗಾಳಿ ಮೂರನ್ನೂ ಒಟ್ಟಿಗೆ ಹಾಯಿಸಿ ಅಕ್ರಿಲೊನೈಟ್ರೈಲ್ ಮಾಡಿತು. 1960ರಲ್ಲಿ ಒಹಾಯೊದ ಲೈಮಾದಲ್ಲಿ ಕಾರ್ಖಾನೆ ಶುರು. ಅದಕ್ಕೂ ಮೊದಲು ಅಸಿಟಿಲೀನ್ ಮತ್ತು ಹೈಡ್ರೋಜನ್ ಸಯನೈಡಿನಿಂದ ಮಾಡುತ್ತಿದ್ದರು. ಸ್ವೆಟರಿನ ಅಕ್ರಿಲಿಕ್ ನೂಲು ಅಗ್ಗವಾದದ್ದು ಈ ಬದಲಾವಣೆಯಿಂದ. ಆಕ್ಸಿಜನ್-18 ಗುರುತು ಹಾಕಿ ನೋಡಿದಾಗ ಇನ್ನೊಂದು ವಿಷಯ ಹೊರಬಿತ್ತು. ಅಕ್ರೋಲೀನಿಗೆ ಸೇರುವ ಆಕ್ಸಿಜನ್ ಆಗತಾನೇ ಬಂದ ಗಾಳಿಯದಲ್ಲ, ಪುಡಿಯ ಒಳಗಿನ ಪದರಗಳಿಂದ ನಡೆದು ಬಂದದ್ದು. ಇವತ್ತಿನ ಕ್ಯಾಟಲಿಸ್ಟಿನಲ್ಲಿ ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಎಲ್ಲ ಸೇರಿವೆ. ಕಬ್ಬಿಣದ ಕೆಲಸ ಎರಡು-ಮೂರು ಚಾರ್ಜಿನ ನಡುವೆ ಓಡಾಡಿ, ಇಳಿದವರನ್ನು ಬೇಗ ಮೇಲೆತ್ತುವುದು.

ಬ್ಯೂಟೇನಿನಿಂದ ಮೇಲಿಕ್ ಅನ್‌ಹೈಡ್ರೈಡ್ ಇನ್ನೂ ಸೋಜಿಗ. ಒಂದು ಅಣುವಿನಿಂದ 8 ಹೈಡ್ರೋಜನ್ ಕಳಚಬೇಕು, 3 ಆಕ್ಸಿಜನ್ ಸೇರಿಸಬೇಕು, ಉಂಗುರ ಕಟ್ಟಬೇಕು. ಎಲ್ಲ ಒಂದೇ ಮೇಲ್ಮೈಯಲ್ಲಿ, ಅಣು ನಡುವೆ ಎದ್ದು ಹೋಗದೆ. ಮಾಡುವುದು ವೆನೇಡಿಯಂ ಪೈರೊಫಾಸ್ಫೇಟ್. ಇದರಲ್ಲಿ ವೆನೇಡಿಯಂನ ಸರಾಸರಿ ಚಾರ್ಜ್ 4ಕ್ಕಿಂತ ಒಂದು ಕೂದಲು ಮೇಲಿರಬೇಕು. 5ರ ಕಡೆ ಹೋದರೆ ಸುಡುತ್ತದೆ, ಕೆಳಗೆ ಇಳಿದರೆ ಮಂಕಾಗುತ್ತದೆ. ಬರೀ ವೆನೇಡಿಯಂ ಪೆಂಟಾಕ್ಸೈಡ್ ಹಾಕಿದರೆ ಬ್ಯೂಟೇನ್ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಸುತ್ತಲಿನ ಫಾಸ್ಫೇಟೇ ಆಕ್ಸಿಜನ್‌ಗಳನ್ನು ದೂರ ದೂರ ಕೂರಿಸುವ ಬೇಲಿ. ಮೊದಲು ಬೆಂಜೀನಿನಿಂದ ಮಾಡುತ್ತಿದ್ದಾಗ 6 ಇಂಗಾಲದಲ್ಲಿ 2 ಸುಮ್ನೆ ಸುಟ್ಟುಹೋಗುತ್ತಿದ್ದವು. 1974ರಲ್ಲಿ ಮಾನ್ಸಾಂಟೊ ಬ್ಯೂಟೇನಿಗೆ ಹೋಯಿತು.

1990ರ ದಶಕದಲ್ಲಿ ಡುಪಾಂಟ್ ಸ್ಪೇನಿನ ಅಸ್ತೂರಿಯಾಸಿನಲ್ಲಿ ಇನ್ನೊಂದು ಸಾಹಸ ಮಾಡಿತು. ಕ್ಯಾಟಲಿಸ್ಟನ್ನೇ ಓಡಾಡಿಸುವುದು. ಒಂದು ಕೊಳವೆಯಲ್ಲಿ ಬ್ಯೂಟೇನ್ ಅದರ ಆಕ್ಸಿಜನ್ ಕಿತ್ತುಕೊಳ್ಳುತ್ತದೆ, ಇನ್ನೊಂದರಲ್ಲಿ ಗಾಳಿ ತುಂಬುತ್ತದೆ. ಮಾರ್ಸ್ ಮತ್ತು ಫಾನ್ ಕ್ರೇವೆಲೆನ್ ಲೆಕ್ಕವನ್ನು ಉಕ್ಕಿನಲ್ಲಿ ಕಟ್ಟಿದ ಹಾಗೆ. ಯೋಚನೆ ಸುಂದರ, ಆದರೆ ಕಾರ್ಖಾನೆ ಬಹಳ ವರ್ಷ ಬಾಳಲಿಲ್ಲ.

ಇವೆರಡರಲ್ಲಿ ಆಯ್ಕೆ ಎಂದರೆ ನಿಮ್ಮ ಅಣು ಯಾವುದು ಎಂಬುದಷ್ಟೇ. ಡಬಲ್ ಬಾಂಡ್ ಇರುವ ಪ್ರೊಪಿಲೀನ್ ತರದ್ದಕ್ಕೆ ಬಿಸ್ಮತ್-ಮಾಲಿಬ್ಡಿನಂ. ಬ್ಯೂಟೇನಿಗೆ ವೆನೇಡಿಯಂ-ರಂಜಕ. ಆರ್ಥೊ-ಝೈಲೀನಿಗೆ ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ಮೇಲಿನ ವೆನೇಡಿಯಂ. ಲ್ಯಾಬಿನಲ್ಲಿ ಮಾಡುವುದಾದರೆ ಬಿಸ್ಮತ್ ಮಾಲಿಬ್ಡೇಟ್ ಸುಲಭ. ವೆನೇಡಿಯಂ-ರಂಜಕಕ್ಕೆ ತಾಳ್ಮೆ ಬೇಕು, ನೂರಾರು ಗಂಟೆ ಓಡಿದ ಮೇಲೆ ಅದು ತನ್ನ ನಿಜಗುಣಕ್ಕೆ ಬರುತ್ತದೆ. ಮೂರು ದಿನದ ಡೇಟಾ ಹಿಡಿದು ಪೇಪರ್ ಬರೆಯಬೇಡಿ. ಗಾಳಿಯಲ್ಲಿ ಬ್ಯೂಟೇನ್ ಸುಮಾರು 1.8% ದಾಟಿದರೆ ಸ್ಫೋಟದ ಮಿತಿಯೊಳಗೆ ಕಾಲಿಟ್ಟಂತೆ, ಅದೂ ನೆನಪಿರಲಿ.

ಒಂದು ಸಲ ಇಳಿದರೆ ಸಾಕು ಎನ್ನುವವು

ಮೆಟಾಥಿಸಿಸ್ ಎಂದರೆ ಎರಡು ಓಲಿಫಿನ್‌ಗಳು ಡಬಲ್ ಬಾಂಡಿನ ಅರ್ಧ ಅರ್ಧ ಅದಲುಬದಲು ಮಾಡಿಕೊಳ್ಳುವುದು. ಫಿಲಿಪ್ಸ್ ಪೆಟ್ರೋಲಿಯಂನ ಬ್ಯಾಂಕ್ಸ್ ಮತ್ತು ಬೈಲಿ 1964ರಲ್ಲಿ ವರದಿ ಮಾಡಿದರು. ಮೂರು ಆಯ್ಕೆ. ಅಲ್ಯುಮಿನಾ ಮೇಲಿನ ರೇನಿಯಂ ರೂಮಿನ ಬಿಸಿಯಲ್ಲೇ ಕೆಲಸ ಮಾಡುತ್ತದೆ, ಆದರೆ ದುಬಾರಿ, ಆವಿಯಾಗಿ ಹೋಗುತ್ತದೆ, ಚೂರು ತೇವ ತಾಗಿದರೂ ಮುನಿಸು. ಮಾಲಿಬ್ಡಿನಂ ನಡುವಿನದು. ಸಿಲಿಕಾ ಮೇಲಿನ ಟಂಗ್‌ಸ್ಟನ್ನಿಗೆ 300 ಡಿಗ್ರಿಗೂ ಜಾಸ್ತಿ ಬೇಕು, ಆದರೆ ಕೊಳೆಗೆ ಹೆದರುವುದಿಲ್ಲ, ಸುಟ್ಟು ಮತ್ತೆ ಬಳಸಬಹುದು. ಎಥಿಲೀನ್ ಮತ್ತು ಬ್ಯೂಟೀನಿನಿಂದ ಪ್ರೊಪಿಲೀನ್ ಮಾಡುವ ಕಾರ್ಖಾನೆಗಳು ಆರಿಸಿಕೊಂಡಿದ್ದು ಇದನ್ನೇ. ಶುರುವಿನಲ್ಲಿ ಹಳದಿ ಪುಡಿ ನೀಲಿ-ನೇರಳೆಗೆ ತಿರುಗುವವರೆಗೆ ಕೆಲಸ ಮಂದ. ಮೊದಲೇ ಸ್ವಲ್ಪ ಇಳಿಸಿಟ್ಟರೆ ಕಾಯುವುದು ತಪ್ಪುತ್ತದೆ. ಕೆಲಸ ಮಾಡುವ ಟಂಗ್‌ಸ್ಟನ್ನಿನ ಚಾರ್ಜ್ ಎಷ್ಟು ಎಂಬ ಜಗಳ ದಶಕಗಳಿಂದ ನಡೆದಿದೆ. ಆಯ್ಕೆಗೆ ಅದು ಅಡ್ಡ ಬರುವುದಿಲ್ಲ.

ಪಾಲಿಎಥಿಲೀನಿಗೆ ಸಿಲಿಕಾ ಮೇಲೆ 1% ಆಸುಪಾಸು ಕ್ರೋಮಿಯಂ. 1951ರಲ್ಲಿ ಹೋಗನ್ ಮತ್ತು ಬ್ಯಾಂಕ್ಸ್ ಕಂಡದ್ದು. ಆರು ಚಾರ್ಜಿನ ಕ್ರೋಮಿಯಂ ಅನ್ನು ಎಥಿಲೀನೇ ಇಳಿಸಿಕೊಳ್ಳುತ್ತದೆ, ಆಮೇಲೆ ಸರಪಳಿ ಬೆಳೆಯುತ್ತದೆ. ಮೊದಲ ದಿನಗಳ ಪ್ಲಾಸ್ಟಿಕ್ ಯಾರಿಗೂ ಬೇಡವಾಗಿ ಗೋದಾಮಿನಲ್ಲಿ ರಾಶಿ ಬಿದ್ದಿತ್ತು. 1958ರಲ್ಲಿ ಹುಲಾ ಹೂಪ್ ಹುಚ್ಚು ಬಂದು ಅದನ್ನೆಲ್ಲ ಖಾಲಿ ಮಾಡಿತು.

ಸೀರಿಯಾ: ಇಳಿಯುವುದು, ಏರುವುದು ಎರಡೂ ಸಲೀಸು

ವಾಹನದ ಹೊಗೆಯಲ್ಲಿ ಉಳಿದ ಹೈಡ್ರೋಕಾರ್ಬನ್ ಸುಡಲು ಸೀರಿಯಂ ಆಕ್ಸೈಡ್. ಆಕ್ಸಿಜನ್ ಕಡಿಮೆಯಾದಾಗ ಕೊಡುತ್ತದೆ, ಜಾಸ್ತಿಯಾದಾಗ ತುಂಬಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್. ಹೆಗಡೆ ಅವರ ಗುಂಪು ಇದರಲ್ಲಿ ದೊಡ್ಡ ಕೆಲಸ ಮಾಡಿದೆ. ಪಲ್ಲೇಡಿಯಂ, ಪ್ಲಾಟಿನಂ ಕಣಗಳನ್ನು ಸೀರಿಯಾ ಮೇಲೆ ಕೂರಿಸುವ ಬದಲು, ಅವುಗಳ ಅಯಾನುಗಳನ್ನು ಸೀರಿಯಾ ಜಾಲದೊಳಗೇ ಸೇರಿಸಿದರು. 2% ಆಸುಪಾಸು ಸಾಕು. ಮಾಡುವ ವಿಧಾನವೂ ಅದೇ ಸಂಸ್ಥೆಯ ಕೆ.ಸಿ. ಪಾಟೀಲರು ಬೆಳೆಸಿದ ದಹನ ವಿಧಾನ. ನೈಟ್ರೇಟ್ ಲವಣಕ್ಕೆ ಇಂಧನ ಬೆರೆಸಿ ಕುಲುಮೆಗೆ ಇಟ್ಟರೆ ಕೆಲವೇ ನಿಮಿಷದಲ್ಲಿ ಭುಸ್ಸೆಂದು ಉರಿದು ಹಗುರ ಪುಡಿ ಸಿಗುತ್ತದೆ. ಕಡಿಮೆ ದುಡ್ಡಿನ ಲ್ಯಾಬಿಗೆ ವರದಾನ.

ಆದರೆ ಕವಲೊಡೆಸಲು, ಅರ್ಧದಾರಿಗೆ ನಿಲ್ಲಿಸಲು ಸೀರಿಯಾ ತರಬೇಡಿ. ಆಕ್ಸಿಜನ್ ಕೊಡುವುದರಲ್ಲಿ ಅದಕ್ಕೆ ಕೈ ಬಿಗಿ ಇಲ್ಲ, ಎಲ್ಲವನ್ನೂ ಸುಡುತ್ತದೆ. ಅಸಿಟಿಲೀನನ್ನು ಎಥಿಲೀನ್ ಮಾಡುವುದಕ್ಕೆ ಸೀರಿಯಾ ಚೆನ್ನಾಗಿದೆ. ಅಲ್ಲಿ ಮಾತ್ರ ಮೊದಲೇ ಜಾಸ್ತಿ ಇಳಿಸಿದರೆ ಕೆಲಸ ಕುಗ್ಗುತ್ತದೆ.

ಪಾಕ ತಪ್ಪದಂತೆ

ಆಯ್ಕೆ ಆಯಿತು ಅನ್ನಿ. ಮೊದಲು ಟಿಪಿಆರ್ ಮಾಡಿಸಿ, ಅಂದರೆ ಬಿಸಿ ಏರಿಸುತ್ತಾ ಹೈಡ್ರೋಜನ್ ಎಷ್ಟು ಖರ್ಚಾಗುತ್ತದೆ ಎಂದು ನೋಡುವುದು. ಎರಡು ಪೀಕುಗಳ ನಡುವಿನ ತಗ್ಗೇ ನಿಮ್ಮ ಬಿಸಿ. ಟಿಪಿಆರ್ ಇಲ್ಲದಿದ್ದರೆ ತಕ್ಕಡಿ ಸಾಕು. ಮಾಲಿಬ್ಡಿನಂ ಟ್ರೈಆಕ್ಸೈಡ್ ಪೂರ್ತಿ ಡೈಆಕ್ಸೈಡ್ ಆದರೆ ತೂಕ 11.1% ಇಳಿಯುತ್ತದೆ. ಟಂಗ್‌ಸ್ಟನ್ ನೀಲಿಗೆ ಬಂದರೆ 0.7%, ಕಂದಿಗೆ ಬಂದರೆ 6.9%. ಬೇಕಾದ್ದಕ್ಕಿಂತ ಜಾಸ್ತಿ ಇಳಿಯುತ್ತಿದೆ ಅನ್ನಿಸಿದರೆ ಹೈಡ್ರೋಜನ್ನನ್ನು ನೀರಿನ ಬಾಟಲಿಯೊಳಗೆ ಗುಳುಗುಳು ಹಾಯಿಸಿ ಒಳಗೆ ಬಿಡಿ. 25 ಡಿಗ್ರಿಯಲ್ಲಿ ಸುಮಾರು 3% ನೀರಾವಿ ಸೇರುತ್ತದೆ. ಅಷ್ಟೇ ಒಳ್ಳೆಯ ಬ್ರೇಕ್.

ಪ್ಲಾಟಿನಂ ಹಾಕುವವರಿಗೆ ಒಂದು ಕಿವಿಮಾತು. 1978ರಲ್ಲಿ ಎಕ್ಸಾನ್‌ನ ಟೌಸ್ಟರ್ ಮತ್ತು ಸಂಗಡಿಗರು ಟೈಟಾನಿಯಾ ಮೇಲಿನ ಪ್ಲಾಟಿನಂ ಅನ್ನು 500 ಡಿಗ್ರಿಯಲ್ಲಿ ಇಳಿಸಿದಾಗ, ಪ್ಲಾಟಿನಂ ಹೈಡ್ರೋಜನ್ ಹಿಡಿಯುವುದನ್ನೇ ಬಿಟ್ಟಿತು. ಅರೆ ಇಳಿದ ಟೈಟಾನಿಯಾ ಮೆಲ್ಲಗೆ ತೆವಳಿ ಬಂದು ಲೋಹವನ್ನು ಮುಚ್ಚಿಬಿಡುತ್ತದೆ ಎಂದು ಆಮೇಲೆ ಗೊತ್ತಾಯಿತು. ಕ್ಯಾಟಲಿಸ್ಟ್ ಸತ್ತಿತು ಎಂದು ಎಸೆಯುವ ಮೊದಲು ಗಾಳಿಯಲ್ಲಿ ಒಮ್ಮೆ ಸುಟ್ಟು, ಕಡಿಮೆ ಬಿಸಿಯಲ್ಲಿ ಮತ್ತೆ ಇಳಿಸಿ ನೋಡಿ.

ಕೆಲಸ ಮುಗಿದ ಮೇಲೆ ರಿಯಾಕ್ಟರ್ ಬಿಸಿ ಇರುವಾಗಲೇ ತೆರೆಯಬೇಡಿ. ಪುಡಿ ಗಾಳಿ ಕುಡಿದು ಮತ್ತೆ ಏರುತ್ತದೆ. ಕಬ್ಬಿಣ ಲೋಹದವರೆಗೆ ಇಳಿದಿದ್ದರೆ ಕೆಂಪಗೆ ಉರಿಯಲೂಬಹುದು. ಮೊದಲು ನೈಟ್ರೋಜನ್ನಿನಲ್ಲಿ ತಣಿಸಿ. ಆಮೇಲೆ 1% ಆಕ್ಸಿಜನ್ ಇರುವ ನೈಟ್ರೋಜನ್ ಒಂದೆರಡು ಗಂಟೆ ಹಾಯಿಸಿ. ಹೊರಗೆ ತೆಗೆದ ಶೀಶೆಯ ಲೇಬಲ್ಲಿನಲ್ಲಿ ಆಕ್ಸೈಡಿನ ಹೆಸರಿನ ಕೆಳಗೆ ಬಿಸಿ, ಗಂಟೆ, ಗ್ಯಾಸ್, ಬಣ್ಣ ಬರೆದು ಅಂಟಿಸಿ.